ಕೆಲಸದ ಷೆಡ್ಡಿಗೆ ಹೊಸ ತಂತಿ, ಹೊಸ ಬೆಳಕು

ಮನೆ ಕಟ್ಟಿಸುವವರು ವಿದ್ಯುದ್ದೀಪದ ಯೋಚನೆ ಮಾಡುವಾಗ ಮೊದಲು ನಡುಮನೆಗೆ, ಆಮೇಲೆ ಅಡುಗೆಮನೆಗೆ, ದೇವರಮನೆಗೆ, ಮಲಗುವ ಕೋಣೆಗೆ ಎಂದು ಲೆಕ್ಕಹಾಕಿ, ಕಟ್ಟಕಡೆಗೆ ಕೈಯಲ್ಲಿ ನಾಲ್ಕು ಕಾಸು ಉಳಿದಿದ್ದರೆ ಮೋಟಾರು ಷೆಡ್ಡಿನ ಕಡೆ ತಿರುಗುವುದು ವಾಡಿಕೆ. ನಮ್ಮ ಊರುಗಳ ಹಳೆಯ ಬಡಾವಣೆಗಳಲ್ಲಿರುವ ಯಾವ ಷೆಡ್ಡನ್ನು ಬೇಕಾದರೂ ನೋಡಿರಿ. ಮಂಗಳೂರು ಹೆಂಚಿನ ಮಾಡು, ನಡುತೊಲೆಯಿಂದ ಇಳಿಬಿದ್ದ ಒಂದು ಬಲ್ಬು, ಬಾಗಿಲ ಪಕ್ಕದಲ್ಲಿ ಕಪ್ಪು ಬೇಕಲೈಟಿನ ಒಂದು ಸ್ವಿಚ್ಚು, ಅದರ ಕೆಳಗೆ ಎರಡು ತೂತಿನ ಒಂದು ಪ್ಲಗ್ಗು. ಇರುಳಿನಲ್ಲಿ ಕಾರು ಒಳಗೆ ಬಂದು ನಿಲ್ಲುವುದಕ್ಕೆ ಇಷ್ಟು ಧಾರಾಳವಾಗಿ ಸಾಕಾಗಿತ್ತು. ಆದರೆ ಕಾಲಕ್ರಮದಲ್ಲಿ ಕಾರು ಬೀದಿಯಲ್ಲಿ ನಿಲ್ಲತೊಡಗಿತು. ಷೆಡ್ಡಿಗೆ ಬಡಗಿಯ ಮೇಜು ಬಂತು, ವೈಸು ಬಂತು, ಡ್ರಿಲ್ಲು, ಸಾಣೆಯ ಯಂತ್ರ, ವಿದ್ಯುತ್ ಗರಗಸಗಳು ಒಂದೊಂದಾಗಿ ಬಂದು ಸೇರಿದುವು. ಒಳಗಿನ ಸಂಸಾರ ಹೀಗೆ ಬೆಳೆದರೂ ಗೋಡೆಯ ಮೇಲಿನ ತಂತಿ ಮಾತ್ರ ಅಂದಿನದೇ ಉಳಿಯಿತು.

ಇದನ್ನು ಬರೆಯಲು ಕಾರಣವಾದದ್ದು ಬಸವನಗುಡಿಯ ನಿವೃತ್ತ ಉಪಾಧ್ಯಾಯರೊಬ್ಬರ ಪತ್ರ. ಅವರ ಮನೆಯ ಹಿತ್ತಿಲ ಕೊನೆಯಲ್ಲಿ ಹತ್ತಡಿ ಅಗಲ, ಹದಿನೆಂಟಡಿ ಉದ್ದದ ಷೆಡ್ಡಿದೆ. ಮನೆಯ ಮೀಟರು ಪೆಟ್ಟಿಗೆಗೂ ಅದಕ್ಕೂ ಅರುವತ್ತು ಅಡಿ ದೂರ. ತಂತಿ ನುಗ್ಗೆಮರದ ಕೊಂಬೆಯ ಆಸರೆಯಿಂದ ಗಾಳಿಯಲ್ಲೇ ಹಾದುಹೋಗಿದೆ. ಅವರಿಗೆ ಮರಗೆಲಸದ ಹವ್ಯಾಸ. ಬೇಸಗೆಯ ರಜೆಗೆ ಬರಲಿರುವ ಹದಿಮೂರು ವರ್ಷದ ಮೊಮ್ಮಗನಿಗೆ ಕೆಲಸ ಕಲಿಸಬೇಕೆಂಬ ಆಸೆ. “ಆದರೆ ಮಳೆಗಾಲದಲ್ಲಿ ಡ್ರಿಲ್ಲು ಹಿಡಿದಾಗ ಕೈಯಲ್ಲಿ ಸಣ್ಣಗೆ ಜುಮ್ಮೆನ್ನುವುದುಂಟು. ನನಗೇನೋ ಅಭ್ಯಾಸವಾಗಿದೆ. ಹುಡುಗನನ್ನು ಒಳಗೆ ಬಿಡಬಾರದೆಂದು ಮನೆಯಾಕೆಯ ಹಟ. ಬೆಳಕು ಹೆಚ್ಚಿಸಿಕೊಳ್ಳುವ ಬಗೆಯನ್ನೂ ತಿಳಿಸಬೇಕು” ಎಂದು ಬರೆದಿದ್ದಾರೆ.

ಬೆಳಕಿನ ಮಾತು ಆಮೇಲಾಗಲಿ. ಮೊದಲು ಹೇಳಬೇಕಾದದ್ದು, ಈ ವಿವಾದದಲ್ಲಿ ನ್ಯಾಯ ಆ ತಾಯಿಯ ಕಡೆಗಿದೆ ಎಂಬುದು. ಜುಮ್ಮೆನ್ನುವುದು ಅಭ್ಯಾಸವಾಗುವಂಥ ಸಂಗತಿಯಲ್ಲ. ಒಂದು ಆಂಪಿಯರಿನ ಸಾವಿರದ ಒಂದು ಭಾಗ, ಅಂದರೆ ಒಂದು ಮಿಲಿ ಆಂಪಿಯರ್ ವಿದ್ಯುತ್ತು ಮೈಯಲ್ಲಿ ಹರಿದರೆ ನಮಗೆ ಜುಮ್ಮೆಂದು ತಿಳಿಯುತ್ತದೆ. ಹತ್ತು ಮಿಲಿ ಆಂಪಿಯರಿನ ಆಸುಪಾಸಿನಲ್ಲಿ ಸ್ನಾಯುಗಳು ಸೆಟೆದುಕೊಂಡು, ಹಿಡಿದ ವಸ್ತುವನ್ನು ಬಿಡಲಾಗದೆ ಹೋಗುತ್ತದೆ. ಇನ್ನೂ ಹೆಚ್ಚಾದರೆ ಉಸಿರಾಟಕ್ಕೂ ಹೃದಯಕ್ಕೂ ಅಪಾಯ. ಒಣಗಿದ ಕೈ, ರಬ್ಬರಿನ ಚಪ್ಪಲಿ ಇರುವವರೆಗೆ ಒಂದೆರಡು ಮಿಲಿ ಆಂಪಿಯರಿನಲ್ಲಿ ನಿಂತದ್ದು, ಬೆವರಿದ ಕೈಗೂ ಒದ್ದೆ ನೆಲದ ಮೇಲಿನ ಬರಿಗಾಲಿಗೂ ನಡುವೆ ನೂರಕ್ಕೂ ಮೀರಿ ಹರಿದೀತು. ಡ್ರಿಲ್ಲಿನ ದೋಷ ಅದೇ, ತಂತಿಯ ದೋಷ ಅದೇ; ಬದಲಾಗುವುದು ಹಿಡಿದವರ ಕಾಲ ಕೆಳಗಿನ ತೇವ ಮಾತ್ರ. ಆದ್ದರಿಂದ ಮೇಷ್ಟರು ಆ ಡ್ರಿಲ್ಲನ್ನು ಇಂದೇ ಕಪಾಟಿಗೆ ಸೇರಿಸಬೇಕು, ದುರಸ್ತಿಯಾಗುವವರೆಗೆ ಹೊರತೆಗೆಯಕೂಡದು.

ಡ್ರಿಲ್ಲುಗಳಲ್ಲಿಯೂ ಎರಡು ಜಾತಿ ಇದೆ. ಈಚಿನವುಗಳ ಮೈಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಅಚ್ಚಾಗಿರುತ್ತದೆ. ಒಳಗೆ ಎರಡು ಪದರ ರಕ್ಷಣೆ ಇದೆ, ಭೂಸಂಪರ್ಕದ ಅಗತ್ಯವಿಲ್ಲ ಎಂದು ಅದರ ಅರ್ಥ. ಅಂಥವಕ್ಕೆ ಎರಡೇ ತಂತಿಯ ಬಳ್ಳಿ ಇರುವುದು ಸರಿಯೇ. ಲೋಹದ ಕವಚದ ಹಳೆಯ ಡ್ರಿಲ್ಲಿಗೆ ಆ ಗುರುತು ಇರದು. ಅದಕ್ಕೆ ಮೂರು ತಂತಿ ಇರಲೇಬೇಕು, ಮೂರನೆಯದು ನೆಲಕ್ಕೆ ಹೋಗಿ ಸೇರಲೇಬೇಕು. ಗೋಡೆಯಲ್ಲಿ ಎರಡೇ ತೂತುಗಳಿವೆಯೆಂದು ಮೂರನೆಯ ಪಿನ್ನನ್ನು ಕಿತ್ತೆಸೆದು ಡ್ರಿಲ್ಲನ್ನು ಅದಕ್ಕೆ ತುರುಕುವ ಜಾಣತನ ನಮ್ಮಲ್ಲಿ ಮನೆಮನೆಯಲ್ಲೂ ಉಂಟು.

ಇದಕ್ಕಿಂತಲೂ ಭಯಂಕರವಾದ ಇನ್ನೊಂದು ಜಾಣತನವಿದೆ. ಷೆಡ್ಡಿಗೆ ಭೂಸಂಪರ್ಕದ ತಂತಿ ಎಳೆಯುವ ಶ್ರಮವನ್ನು ಉಳಿಸಲು, ಪ್ಲಗ್ಗಿನೊಳಗೆಯೇ ನ್ಯೂಟ್ರಲ್ ತಂತಿಯಿಂದ ಒಂದು ತುಂಡನ್ನು ಅರ್ಥ್ ಪಿನ್ನಿಗೆ ಸೇರಿಸಿಬಿಡುತ್ತಾರೆ. ಪರೀಕ್ಷಿಸಿದರೆ ದೀಪ ಉರಿಯುತ್ತದೆ, ಯಂತ್ರ ತಿರುಗುತ್ತದೆ, ಮನೆಯ ಯಜಮಾನರು ಸಂತೋಷದಿಂದ ಕೂಲಿ ಕೊಟ್ಟು ಕಳಿಸುತ್ತಾರೆ. ಯಾವುದೋ ಒಂದು ದಿನ ಆ ನ್ಯೂಟ್ರಲ್ ತಂತಿ ದಾರಿಯಲ್ಲಿ ಎಲ್ಲಿಯಾದರೂ ಕಡಿದರೆ, ಅಥವಾ ಅದರ ತಿರುಪು ಸಡಿಲವಾದರೆ, ಯಂತ್ರದ ಒಳಗಿನಿಂದ ಹಾದುಬಂದ ವಿದ್ಯುತ್ತು ಆ ತುಂಡಿನ ಮೂಲಕ ಯಂತ್ರದ ಲೋಹದ ಮೈಗೇ ಬಂದು ನಿಲ್ಲುತ್ತದೆ. ಯಂತ್ರ ತಿರುಗದೆ ನಿಂತಿತಲ್ಲ ಎಂದು ನೋಡುವುದಕ್ಕೆ ಮುಟ್ಟಿದವನ ಗತಿ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಹಳೆಯ ಪ್ಲಗ್ಗುಗಳನ್ನು ಬಿಚ್ಚಿಸಿದಾಗ ಮೊಟ್ಟಮೊದಲು ಈ ತುಂಡನ್ನು ಹುಡುಕಿಸಬೇಕು.

ಇನ್ನು ಗೋಡೆಯ ಮೇಲಿನ ತಂತಿಯ ವಿಚಾರ. ಶಿವನಸಮುದ್ರದಿಂದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ ೧೯೦೫ರಲ್ಲಿ ಬೆಂಗಳೂರಿಗೂ ಬಂದ ಮೇಲೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಮ್ಮ ಮನೆಗಳ ವೈರಿಂಗು ನಡೆದದ್ದು ತೇಗದ ಪಟ್ಟಿಗಳ ಮೇಲೆ, ರಬ್ಬರು ಹೊದಿಸಿದ ತಾಮ್ರದ ತಂತಿಗಳಿಂದ. ಆ ಕಾಲದ ಕೆಲಸ ಅಚ್ಚುಕಟ್ಟಾಗಿತ್ತು. ಪಟ್ಟಿಯ ಮೇಲೆ ಕ್ಲಿಪ್ಪುಗಳು ಸಾಲಾಗಿ ಹೊಡೆದಿರುವುದನ್ನು ನೋಡಿದರೆ ಈಗಲೂ ಗೌರವ ಹುಟ್ಟುತ್ತದೆ. ಆದರೆ ರಬ್ಬರಿಗೆ ಆಯುಸ್ಸಿದೆ. ಹತ್ತಾರು ವರ್ಷಗಳ ಸೆಕೆಗೆ ಅದು ಒಣಗಿ, ಬಿರಿದು, ಬೆರಳಲ್ಲಿ ಬಾಗಿಸಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಮುಟ್ಟದೆ ಇರುವವರೆಗೆ ಅದು ತನ್ನ ಜಾಗದಲ್ಲಿ ನಿಂತಿರುತ್ತದೆ. ಹೊಸ ಸ್ವಿಚ್ಚು ಹಾಕಲು ಎಳೆದ ದಿನ ಬೆತ್ತಲೆ ತಾಮ್ರ ಹೊರಬರುತ್ತದೆ. ಹಳೆಯ ವೈರಿಂಗನ್ನು ಅರ್ಧ ಉಳಿಸಿ ಅರ್ಧ ಬದಲಿಸುವ ಉಳಿತಾಯವನ್ನು ನಾವು ಒಪ್ಪದಿರುವುದು ಈ ಕಾರಣಕ್ಕೆ. ೧೯೬೦ರ ದಶಕದಿಂದಾಚೆಗೆ ತಾಮ್ರದ ಅಭಾವದಿಂದ ಅನೇಕ ಮನೆಗಳಿಗೆ ಅಲ್ಯುಮಿನಿಯಂ ತಂತಿ ಹಾಕಿದರು. ಅದರದು ಬೇರೆಯೇ ಕಾಯಿಲೆ. ತಿರುಪಿನ ಕೆಳಗೆ ಅಲ್ಯುಮಿನಿಯಂ ನಿಧಾನವಾಗಿ ಹಿಸುಕಿಹೋಗಿ ಹಿಡಿತ ಸಡಿಲವಾಗುತ್ತದೆ, ಅದರ ಮೈಮೇಲೆ ವಿದ್ಯುತ್ತನ್ನು ಹರಿಯಗೊಡದ ಪೊರೆ ಬೆಳೆಯುತ್ತದೆ, ಆ ಸಂಧಿಯಲ್ಲಿ ಕಾವೇರುತ್ತದೆ. ಪ್ಲಗ್ಗಿನ ಬದಿ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ಅಲ್ಲಿ ನಡೆಯುತ್ತಿರುವುದು ಇದೇ.

ಅಂಗಡಿಗಳಲ್ಲಿ ಹಿರಿಯ ವೈರ್‌ಮನ್ನರು ಇಂದಿಗೂ ‘ಒಂದು-ಹದಿನೆಂಟು’, ‘ಏಳು-ಇಪ್ಪತ್ತು’ ಎಂದು ತಂತಿಯನ್ನು ಕೇಳುವುದುಂಟು. ಮೊದಲ ಸಂಖ್ಯೆ ಎಳೆಗಳದು, ಎರಡನೆಯದು ಎಳೆಯ ಗೇಜಿನದು. ಮೊದಲನೆಯದು ಈಗಿನ ಲೆಕ್ಕದಲ್ಲಿ ಒಂದು ಚದರ ಮಿಲಿಮೀಟರಿಗಿಂತ ತುಸು ಹೆಚ್ಚು, ಎರಡನೆಯದು ನಾಲ್ಕೂವರೆಯ ಸಮೀಪ. ಮೇಷ್ಟರ ಷೆಡ್ಡಿಗೆ ಹೋಗಿರುವುದು ಒಂದು-ಹದಿನೆಂಟು ಎಂದು ಅವರ ಪತ್ರದಿಂದ ತಿಳಿಯುತ್ತದೆ. ಇದೊಂದು ಲೆಕ್ಕವನ್ನು ಅವರು ಮೊಮ್ಮಗನಿಂದಲೇ ಮಾಡಿಸಬಹುದು. ಅರುವತ್ತು ಅಡಿಯೆಂದರೆ ಸುಮಾರು ೧೮ ಮೀಟರು. ಹೋಗುವ ತಂತಿ, ಬರುವ ತಂತಿ ಸೇರಿ ೩೬ ಮೀಟರು. ಇಷ್ಟು ಉದ್ದದ ಆ ತಂತಿಯ ವಿರೋಧ ಸುಮಾರು ಅರ್ಧ ಓಮ್. ಗರಗಸ, ಗಾಳಿಯ ಕಂಪ್ರೆಸರು ಎರಡೂ ಜೊತೆಯಲ್ಲಿ ನಡೆದು ೧೫ ಆಂಪಿಯರು ಹರಿಯಿತೆನ್ನಿ. ಹದಿನೈದನ್ನು ಹದಿನೈದರಿಂದ ಗುಣಿಸಿ, ಅರ್ಧ ಓಮಿನಿಂದ ಗುಣಿಸಿದರೆ ಬರುವುದು ೧೧೦ ವಾಟುಗಳಿಗೂ ಮೇಲೆ. ನೂರು ವಾಟಿನ ಹಳೆಯ ಬಲ್ಬು ಎಷ್ಟು ಬಿಸಿಯಾಗುತ್ತಿತ್ತೆಂಬುದು ನೆನಪಿರುವವರಿಗೆ ಇದರ ಅರ್ಥ ಕೂಡಲೆ ಆದೀತು. ಅಷ್ಟು ಕಾವನ್ನು ಒಣಗಿದ ರಬ್ಬರಿನೊಳಗೆ ಆ ತಂತಿ ಉದ್ದಕ್ಕೂ ಹೊತ್ತುಕೊಂಡಿರುತ್ತದೆ. ಕಂಪ್ರೆಸರಿನ ಮೋಟಾರು ಹೊರಡುವ ಕ್ಷಣದಲ್ಲಿ ಅದರ ಮಾಮೂಲು ಪ್ರವಾಹದ ಐದಾರು ಪಟ್ಟು ಎಳೆಯುವುದರಿಂದ ಷೆಡ್ಡಿನಲ್ಲಿ ವೋಲ್ಟೇಜು ಹದಿನೈದು ಇಪ್ಪತ್ತರಷ್ಟು ಕುಸಿದು, ಬಲ್ಬು ಕಣ್ಣು ಮುಚ್ಚಿದಂತೆ ಮಂಕಾಗುತ್ತದೆ. ಅದೇ ದೂರಕ್ಕೆ ನಾಲ್ಕು ಚದರ ಮಿಲಿಮೀಟರಿನ ತಾಮ್ರ ಹಾಕಿದರೆ, ೧೫ ಆಂಪಿಯರಿಗೆ ನಷ್ಟವಾಗುವುದು ಎರಡೂವರೆ ವೋಲ್ಟಿನ ಒಳಗೆ.

“ಇಷ್ಟು ಕಾದರೆ ಫ್ಯೂಸು ಹೋಗಬೇಕಲ್ಲ?” ಎಂದು ಕೇಳಬಹುದು. ಹೋಗಬೇಕಾಗಿತ್ತು. ಆದರೆ ಪಿಂಗಾಣಿಯ ಹಳೆಯ ಫ್ಯೂಸು ನಾಲ್ಕು ಸಲ ಹೋದ ಮೇಲೆ ಐದನೆಯ ಸಲ ಬೇಸತ್ತವರು ಎರಡೆಳೆ, ಮೂರೆಳೆ ತಂತಿ ಸುತ್ತಿಬಿಡುತ್ತಾರೆ. ಕಾವಲುಗಾರನನ್ನು ಮಲಗಿಸಿದ ಮೇಲೆ ಕಳ್ಳನ ಭಯವಿಲ್ಲವೆಂದು ತಿಳಿದ ಹಾಗಾಯಿತು.

ಆದ್ದರಿಂದ ಹೊಸ ಕೆಲಸದ ಮೊದಲ ಭಾಗ, ಮನೆಯ ಮುಖ್ಯ ಪೆಟ್ಟಿಗೆಯಿಂದ ಷೆಡ್ಡಿಗೆಂದೇ ಮೀಸಲಾದ ಒಂದು ದಾರಿ. ನುಗ್ಗೆಮರಕ್ಕೆ ಈ ಜವಾಬ್ದಾರಿಯಿಂದ ನಿವೃತ್ತಿ ಕೊಡಿಸಿ, ಉಕ್ಕಿನ ಕವಚವುಳ್ಳ ಕೇಬಲನ್ನು ನೆಲದೊಳಗೆ ಎರಡೂವರೆ ಅಡಿ ಆಳದಲ್ಲಿ ಮರಳು ಹಾಸಿ ಮಲಗಿಸಿ, ಮೇಲೆ ಇಟ್ಟಿಗೆ ಮುಚ್ಚಿಸಬೇಕು. ಮುಂದೆ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆ ಸಿಕ್ಕಿ ಎಚ್ಚರಿಸುತ್ತದೆ. ಈ ದಾರಿಯ ಮೂಲದಲ್ಲಿ ೨೫ ಆಂಪಿಯರಿನ ಎಂ.ಸಿ.ಬಿ. ಇರಲಿ. ಷೆಡ್ಡಿನೊಳಗೆ ಸ್ವಂತದ್ದೊಂದು ಪುಟ್ಟ ಪೆಟ್ಟಿಗೆ. ಅದರಿಂದ ದೀಪಗಳಿಗೆ ಒಂದೂವರೆ ಚದರ ಮಿಲಿಮೀಟರಿನ ತಂತಿ, ೬ ಆಂಪಿಯರಿನ ಎಂ.ಸಿ.ಬಿ.; ಯಂತ್ರಗಳ ಪ್ಲಗ್ಗುಗಳಿಗೆ ಎರಡೂವರೆ ಚದರ ಮಿಲಿಮೀಟರಿನ ತಂತಿ, ೧೬ ಆಂಪಿಯರಿನ ಎಂ.ಸಿ.ಬಿ. ಎರಡು. ಮೋಟಾರುಗಳ ಆರಂಭದ ಎಳೆತಕ್ಕೆ ಸುಮ್ಮಸುಮ್ಮನೆ ಬೀಳದಿರಲು ‘ಸಿ’ ವರ್ಗದ ಎಂ.ಸಿ.ಬಿ.ಯನ್ನೇ ಕೇಳಿ ತೆಗೆದುಕೊಳ್ಳಬೇಕು.

ದೀಪಗಳನ್ನೂ ಯಂತ್ರಗಳನ್ನೂ ಬೇರ್ಪಡಿಸಿದ್ದೇಕೆಂಬುದನ್ನು ಹೇಳಲೇಬೇಕು. ಗರಗಸ ಮರದಲ್ಲಿ ಸಿಕ್ಕಿಕೊಂಡು ಎಂ.ಸಿ.ಬಿ. ಬಿದ್ದಿತೆನ್ನಿ. ದೀಪವೂ ಅದರ ಮೇಲೆಯೇ ಇದ್ದರೆ ಷೆಡ್ಡು ಆ ಕ್ಷಣವೇ ಕತ್ತಲಾಗುತ್ತದೆ. ಗರಗಸದ ಅಲಗಾದರೋ ವಿದ್ಯುತ್ತು ಹೋದರೂ ಹಲವು ಸೆಕೆಂಡು ತನ್ನ ವೇಗದಲ್ಲೇ ತಿರುಗುತ್ತಿರುತ್ತದೆ. ಕತ್ತಲಲ್ಲಿ, ತಿರುಗುತ್ತಿರುವ ಅಲಗಿನ ಹತ್ತಿರ, ಗಾಬರಿಗೊಂಡ ಹುಡುಗನ ಕೈ.

ಈಗ ಭೂಸಂಪರ್ಕಕ್ಕೆ ಬರೋಣ. ಮನೆಯ ಪಕ್ಕದಲ್ಲಿ ಇದ್ದಲು, ಉಪ್ಪು ತುಂಬಿದ ಗುಂಡಿಯಲ್ಲಿ ಎರಡೂವರೆ ಮೀಟರಿನ ಕೊಳವೆಯೊಂದನ್ನು ನೆಟ್ಟು, ಬೇಸಗೆಯಲ್ಲಿ ಒಂದೆರಡು ಕೊಡ ನೀರು ಹೊಯ್ಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ಒಳ್ಳೆಯ ಪದ್ಧತಿಯೇ. ಆದರೆ ಅದೊಂದನ್ನೇ ನಂಬಿಕೊಂಡರೆ ಸಾಲದೆಂಬುದನ್ನು ಲೆಕ್ಕವೇ ತೋರಿಸುತ್ತದೆ. ಯಂತ್ರದೊಳಗಿನ ತಂತಿ ಕಿತ್ತು ಕವಚಕ್ಕೆ ತಗುಲಿತು. ವಿದ್ಯುತ್ತು ಭೂತಂತಿಯಲ್ಲಿ ಇಳಿದು ಮಣ್ಣಿನ ಮೂಲಕ ಹರಿಯತೊಡಗಿತು. ಬೇಸಗೆಯ ಒಣಮಣ್ಣಿನಲ್ಲಿ ಆ ದಾರಿಯ ವಿರೋಧ ಹತ್ತು ಓಮ್ ಇದ್ದರೆ, ೨೩೦ ವೋಲ್ಟಿಗೆ ಹರಿಯುವುದು ೨೩ ಆಂಪಿಯರ್ ಮಾತ್ರ. ೧೬ ಆಂಪಿಯರಿನ ಎಂ.ಸಿ.ಬಿ. ಅಷ್ಟಕ್ಕೆ ಥಟ್ಟನೆ ಬೀಳುವುದಿಲ್ಲ. ಬಹಳ ಹೊತ್ತು ಸಹಿಸಿಕೊಂಡಿರಬಹುದು. ಅಷ್ಟು ಹೊತ್ತೂ ಯಂತ್ರದ ಮೈಮೇಲೆ ಪ್ರಾಣಾಪಾಯದ ವೋಲ್ಟೇಜು ನಿಂತಿರುತ್ತದೆ.

ಈ ಕೊರತೆಯನ್ನು ತುಂಬುವ ಉಪಕರಣಕ್ಕೆ ಆರ್.ಸಿ.ಸಿ.ಬಿ. ಎಂದು ಹೆಸರು. ವೈರ್‌ಮನ್ನರು ಹಳೆಯ ಬಳಕೆಯಂತೆ ಇ.ಎಲ್.ಸಿ.ಬಿ. ಎನ್ನುವುದೂ ಉಂಟು. ಇದರ ಯುಕ್ತಿ ಬಲು ಸರಳ, ಬಲು ಸೊಗಸು. ಹೋಗುವ ತಂತಿಯೂ ಬರುವ ತಂತಿಯೂ ಒಂದೇ ಕಬ್ಬಿಣದ ಬಳೆಯೊಳಗೆ ಹಾದುಹೋಗುತ್ತವೆ. ಹೋದಷ್ಟೇ ವಿದ್ಯುತ್ತು ಹಿಂತಿರುಗಿದರೆ ಎರಡರ ಪ್ರಭಾವವೂ ಒಂದನ್ನೊಂದು ಅಳಿಸಿಹಾಕಿ, ಬಳೆ ತೆಪ್ಪಗಿರುತ್ತದೆ. ಹೋದದ್ದರಲ್ಲಿ ಸ್ವಲ್ಪ ಭಾಗ ಬೇರೆ ದಾರಿ ಹಿಡಿದು, ಮಣ್ಣಿಗೋ ಮನುಷ್ಯನ ಮೈಗೋ ಸೋರಿದರೆ, ಲೆಕ್ಕ ತಪ್ಪಿದ್ದು ಬಳೆಗೆ ಕೂಡಲೆ ತಿಳಿಯುತ್ತದೆ. ಕೊಟ್ಟ ಸಾಮಾನನ್ನೂ ಬಂದ ಸಾಮಾನನ್ನೂ ತಾಳೆನೋಡುವ ಉಗ್ರಾಣದ ಗುಮಾಸ್ತನ ಕೆಲಸ ಇದು. ವ್ಯತ್ಯಾಸ ೩೦ ಮಿಲಿ ಆಂಪಿಯರ್ ಮುಟ್ಟಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ತಂತಿಗಳನ್ನು ಕಡಿದುಬಿಡುತ್ತದೆ. ಮನೆಗಳಿಗೆ ಕೊಳ್ಳತಕ್ಕದ್ದು ೩೦ ಮಿಲಿ ಆಂಪಿಯರಿನದೇ. ೧೦೦, ೩೦೦ ಎಂದು ಬರೆದವು ಬೆಂಕಿಯ ಅಪಾಯಕ್ಕೆ ಇರುವವು, ಮನುಷ್ಯರ ರಕ್ಷಣೆಗೆ ಸಾಲವು.

ಹಾಗೆಂದು ಇದಕ್ಕೆ ಇಲ್ಲದ ಮಹಿಮೆಯನ್ನು ಹೊರಿಸುವುದೂ ತಪ್ಪು. ಒಂದು ಕೈಯಲ್ಲಿ ಫೇಸು, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಇದು ಕಾಪಾಡಲಾರದು. ಅವನ ಮೈಯಲ್ಲಿ ಹೋದದ್ದೆಲ್ಲ ಲೆಕ್ಕಕ್ಕೆ ಸರಿಯಾಗಿ ಹಿಂತಿರುಗುತ್ತಿರುತ್ತದೆ. ಹೆಚ್ಚು ಹೊರೆಯಿಂದ ತಂತಿ ಕಾಯುವುದನ್ನೂ ಇದು ತಡೆಯದು, ಅದು ಎಂ.ಸಿ.ಬಿ.ಯ ಪಾಲು. ಇದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಒತ್ತಿದರೆ ಬೀಳಬೇಕು. ಬೀಳದ ಆರ್.ಸಿ.ಸಿ.ಬಿ. ಇದ್ದೂ ಇಲ್ಲದಂತೆ. ಷೆಡ್ಡಿನ ಪ್ಲಗ್ಗುಗಳಿಗೆ ಇದನ್ನು ಹಾಕಿಸಿದಾಗ ದೀಪಗಳಿಗೆ ಪ್ರತ್ಯೇಕವಾದದ್ದೊಂದನ್ನು ಹಾಕಿಸಿದರೆ ಮೇಲು. ಕಾರಣ ಮೇಲೆ ಹೇಳಿದ ಕತ್ತಲೆಯೇ.

ಹೊಸದಾಗಿ ಹಾಕಿದ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತದೆಂದು ದೂರು ಬರುವುದು ಬಹಳ. ಎಷ್ಟೋ ಮನೆಗಳಲ್ಲಿ ಷೆಡ್ಡಿನ ದೀಪಕ್ಕೆ ಫೇಸನ್ನು ಒಂದು ಕಡೆಯಿಂದಲೂ ನ್ಯೂಟ್ರಲ್ಲನ್ನು ಅಡುಗೆಮನೆಯ ಲೈನಿನಿಂದಲೂ ಕಡ ತಂದಿರುತ್ತಾರೆ. ನಮ್ಮ ಗುಮಾಸ್ತ ಅದನ್ನು ಒಪ್ಪುವುದಿಲ್ಲ. ಆಗ ಕೆಲಸಗಾರನು ತಲೆ ಕೆರೆದುಕೊಂಡು, “ಪೀಸು ಸರಿಯಿಲ್ಲ ಸ್ವಾಮಿ, ಡೈರೆಕ್ಟ್ ಕೊಟ್ಟುಬಿಡುತ್ತೇನೆ” ಎನ್ನುತ್ತಾನೆ. ಅವನಿಗೆ ಕಾಫಿ ಕೊಟ್ಟು ಕೂರಿಸಿ, ದೋಷ ಸಿಕ್ಕುವವರೆಗೆ ಹುಡುಕಿಸಬೇಕೇ ವಿನಾ ಒಪ್ಪಿಗೆ ಕೊಡಕೂಡದು. ಗೋಡೆಯ ತೇವ, ಸ್ವಿಚ್ಚಿನ ಪೆಟ್ಟಿಗೆಯೊಳಗೆ ಸತ್ತ ಹಲ್ಲಿ, ಗೆದ್ದಲು ಕಟ್ಟಿದ ಮಣ್ಣು, ಇವೂ ಸೋರಿಕೆಗೆ ಕಾರಣಗಳು. ಇನ್ನೊಂದು ಸೂಚನೆ: ಸ್ವಿಚ್ಚು ಆರಿಸಿದ ಮೇಲೂ ಎಲ್.ಇ.ಡಿ. ದೀಪ ರಾತ್ರಿಯೆಲ್ಲ ಮಿಣಮಿಣ ಎನ್ನುತ್ತಿದ್ದರೆ, ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಕೂರಿಸಿರುವ ಸಂಭವ ಉಂಟು. ಅಂಥಲ್ಲಿ ದೀಪ ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ.

ನಮ್ಮ ನಾಡಿನಲ್ಲಿ ಮರೆಯಬಾರದ ಸಂಗತಿ ಮತ್ತೊಂದು. ಗರಗಸ ನಡೆಯುತ್ತಿರುವಾಗ ಕರೆಂಟು ಹೋಗುತ್ತದೆ. ಯಜಮಾನರು ಸ್ವಿಚ್ಚು ಆರಿಸುವುದನ್ನು ಮರೆತು ಒಳಗೆ ಕಾಫಿಗೆ ಹೋಗುತ್ತಾರೆ. ಮೊಮ್ಮಗ ಮೇಜಿನ ಮೇಲಿನ ಹೊಟ್ಟನ್ನು ಕೈಯಿಂದ ಸರಿಸುತ್ತಿರುವಾಗ ಕರೆಂಟು ಬರುತ್ತದೆ. ಆರ್.ಸಿ.ಸಿ.ಬಿ.ಯಾಗಲಿ ಎಂ.ಸಿ.ಬಿ.ಯಾಗಲಿ ಇದನ್ನು ತಡೆಯಲಾರವು. ವಿದ್ಯುತ್ತಿನ ದೃಷ್ಟಿಯಿಂದ ಅಲ್ಲಿ ಯಾವ ದೋಷವೂ ಇಲ್ಲ. ಇದಕ್ಕೆ ಮದ್ದೆಂದರೆ, ಮೇಜಿಗೆ ಬಿಗಿದ ಪ್ರತಿಯೊಂದು ಯಂತ್ರಕ್ಕೂ ಹಸಿರು-ಕೆಂಪು ಗುಂಡಿಯ ಸ್ಟಾರ್ಟರು. ನೀರೆತ್ತುವ ಪಂಪುಗಳಿಗೆ ಹಾಕುವಂಥದೇ. ಅದರೊಳಗಿನ ಸುರುಳಿ ವಿದ್ಯುತ್ತು ಇರುವವರೆಗೆ ಮಾತ್ರ ಸಂಪರ್ಕವನ್ನು ಹಿಡಿದಿರುತ್ತದೆ, ಹೋದಾಗ ಕೈಬಿಡುತ್ತದೆ, ಮತ್ತೆ ಬಂದರೂ ಯಾರಾದರೂ ಹಸಿರು ಗುಂಡಿ ಒತ್ತದೆ ಯಂತ್ರ ಅಲುಗದು. ಹೊಸ ದೀಪಗಳಿಗೂ ಸ್ಟಾರ್ಟರಿಗೂ ಒಟ್ಟಿಗೆ ಹಣ ಹೊಂದದಿದ್ದರೆ, ಮೊದಲು ಸ್ಟಾರ್ಟರು ಕೊಳ್ಳಿರಿ ಎಂದೇ ನಮ್ಮ ಸಲಹೆ.

ಪ್ಲಗ್ಗುಗಳು ನೆಲದಿಂದ ನಾಲ್ಕಡಿ ಮೇಲೆ, ಮೇಜಿನ ಹಿಂದಿನ ಗೋಡೆಯಲ್ಲಿರಲಿ. ಕೆಳಗಿದ್ದರೆ ಹೊಟ್ಟು ತುಂಬುತ್ತದೆ, ಮಳೆನೀರು ನುಗ್ಗಿದರೆ ಮುಳುಗುತ್ತದೆ. ಅಲ್ಲದೆ ಸ್ಕೂಟರೂ ಅದೇ ಷೆಡ್ಡಿನಲ್ಲಿ ನಿಲ್ಲುವುದಾದರೆ, ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಮಡುಗಟ್ಟುತ್ತದೆ. ಅಲ್ಲಿ ಸ್ವಿಚ್ಚಿನ ಕಿಡಿ ಬೇಡ. ಮೂರು ಪಿನ್ನಿನ ೧೬ ಆಂಪಿಯರಿನ ಪ್ಲಗ್ಗುಗಳು ನಾಲ್ಕಾದರೂ ಇದ್ದರೆ, ಒಂದರಿಂದೊಂದಕ್ಕೆ ಎಳೆದ ಬಳ್ಳಿಗಳನ್ನು ಎಡವುವ ಪ್ರಸಂಗ ತಪ್ಪುತ್ತದೆ.

ಇನ್ನು ಬೆಳಕು. ಮೇಷ್ಟರ ಷೆಡ್ಡಿನ ವಿಸ್ತೀರ್ಣ ಸುಮಾರು ೧೭ ಚದರ ಮೀಟರು. ಅಲ್ಲಿದ್ದ ೬೦ ವಾಟಿನ ಹಳೆಯ ಬಲ್ಬು ಕೊಡುವುದು ಹೆಚ್ಚೆಂದರೆ ೭೦೦ ಲ್ಯೂಮೆನ್ ಬೆಳಕು. ಗೋಡೆ, ಮಾಡು ನುಂಗಿದ್ದು ಹೋಗಿ ಅರ್ಧ ಮೇಜಿಗೆ ತಲುಪಿತೆಂದರೂ ಅದು ೨೦ ಲಕ್ಸ್ ಆಯಿತು. ಮೇಜಿನ ಮೇಲೆ ನಡೆಯುವ ಸಾಮಾನ್ಯ ಕೆಲಸಕ್ಕೆ ೩೦೦ರಿಂದ ೫೦೦ ಲಕ್ಸ್ ಬೇಕು. ಗೆರೆ ಎಳೆದು ಅಳೆಯುವ ಸೂಕ್ಷ್ಮ ಕೆಲಸಕ್ಕೆ ಇನ್ನೂ ಹೆಚ್ಚು. ಅರುವತ್ತು ದಾಟಿದ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಎಷ್ಟೋ ಅಧಿಕ ಬೆಳಕು ಬೇಕಾಗುವುದರಿಂದ, ತಾತನಿಗೂ ಮೊಮ್ಮಗನಿಗೂ ಒಂದೇ ಅಳತೆ ಸಾಲದು.

ನಾಲ್ಕಡಿ ಉದ್ದದ ೨೦ ವಾಟಿನ ಎಲ್.ಇ.ಡಿ. ಕೊಳವೆಯೊಂದು ಸುಮಾರು ೨,೦೦೦ ಲ್ಯೂಮೆನ್ ಕೊಡುತ್ತದೆ. ನಾಲ್ಕು ಕೊಳವೆಗಳನ್ನು ಎರಡು ಸಾಲಾಗಿ ಹಾಕಿದರೆ, ಅದೇ ಲೆಕ್ಕದಲ್ಲಿ ಸುಮಾರು ೨೩೫ ಲಕ್ಸ್ ಬಂತು. ಸೇರಿದ ಖರ್ಚು ೮೦ ವಾಟು. ಉಳಿದದ್ದನ್ನು ಕೆಲಸದ ಜಾಗಕ್ಕೇ ಬಾಗುವ ಕತ್ತಿನ ದೀಪಗಳಿಂದ ತುಂಬಿಕೊಳ್ಳಬಹುದು. ಗೋಡೆಗೆ ಬಿಳಿಯ ಸುಣ್ಣ ಬಳಿಸಿದರೆ ಅರ್ಧ ದೀಪ ಹೆಚ್ಚು ಹಾಕಿದಂತೆಯೇ. ಹೊಗೆ ಹಿಡಿದ ಹೆಂಚಿನ ಕೆಳಗೆ ಬಿಳಿಯ ಹಲಗೆ ಹೊಡೆಸಿದರೆ ಇನ್ನೂ ಲೇಸು. ಕೊಳವೆಗಳನ್ನು ಷೆಡ್ಡಿನ ನಡುಮಧ್ಯದಲ್ಲಿ ಮಾತ್ರ ಹಾಕಿಸುವುದು ಸರಿಯಲ್ಲ. ಗೋಡೆಯ ಕಡೆ ಮುಖಮಾಡಿ ಮೇಜಿನ ಮುಂದೆ ನಿಂತವನಿಗೆ ದೀಪ ಬೆನ್ನ ಹಿಂದಾಗಿ, ಅವನ ನೆರಳು ಅವನ ಕೆಲಸದ ಮೇಲೆಯೇ ಬೀಳುತ್ತದೆ. ಒಂದು ಸಾಲು ಮೇಜಿನ ಅಂಚಿಗೆ ನೇರವಾಗಿ ಮೇಲೆ ಇರಬೇಕು. ಬಲಗೈಯವರಿಗೆ ಬಾಗುದೀಪ ಎಡಗಡೆಯಿಂದ ಬರಬೇಕು. ಮರಕ್ಕೆ ಬಣ್ಣ, ಪಾಲಿಷು ಕೊಡುವವರು ದೀಪದ ಡಬ್ಬಿಯ ಮೇಲೆ ಬರೆದಿರುವ ಸಿ.ಆರ್.ಐ. ಅಂಕಿ ೯೦ರಷ್ಟಿದೆಯೇ ಎಂದು ನೋಡಿ ಕೊಳ್ಳಲಿ. ಕಡಮೆ ಅಂಕಿಯ ದೀಪದಲ್ಲಿ ಬೀಟೆಗೂ ತೇಗಕ್ಕೂ ಬಣ್ಣದ ಅಂತರ ಮಸುಕಾಗುತ್ತದೆ.

ತಿರುಗುವ ಯಂತ್ರಗಳಿರುವಲ್ಲಿ ಬೆಳಕಿನ ಇನ್ನೊಂದು ಮೋಸವನ್ನು ತಿಳಿದಿರಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನೆಯದು. ಅದರಲ್ಲಿ ಉರಿಯುವ ಚೋಕಿನ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಇದು ಕಾಣದು. ಲೇತಿನಲ್ಲಿ ವಸ್ತುವನ್ನು ಕಚ್ಚಿಹಿಡಿಯುವ ಮೂರು ಹಲ್ಲಿನ ಚಕ್ಕು ನಿಮಿಷಕ್ಕೆ ೨,೦೦೦ ಸುತ್ತು ತಿರುಗುವಾಗ, ಯಾವುದೇ ಜಾಗವನ್ನು ಸೆಕೆಂಡಿಗೆ ನೂರು ಹಲ್ಲುಗಳು ದಾಟಿಹೋಗುತ್ತವೆ. ಪ್ರತಿ ಮಿನುಗಿಗೂ ಒಂದು ಹಲ್ಲು ಅದೇ ಜಾಗದಲ್ಲಿ ಕಂಡು, ಭರದಿಂದ ತಿರುಗುತ್ತಿರುವ ಚಕ್ಕು ನಿಶ್ಚಲವಾಗಿ ನಿಂತಂತೆ ತೋರುತ್ತದೆ. ನಿಂತಿದೆಯೆಂದು ಕೈಚಾಚಿದರೆ ಅನಾಹುತ. ಹಿಂದೆ ಕಾರ್ಖಾನೆಗಳಲ್ಲಿ ಇದಕ್ಕಾಗಿಯೇ ಯಂತ್ರದ ಬಳಿ ಸಾದಾ ಬಲ್ಬನ್ನು ಇಡುತ್ತಿದ್ದರು. ಅದರ ತಂತು ಅಷ್ಟು ಬೇಗ ತಣಿಯದ ಕಾರಣ ಮಿನುಗು ಅತ್ಯಲ್ಪ. ಒಳ್ಳೆಯ ಎಲ್.ಇ.ಡಿ. ದೀಪದಲ್ಲಿ ಈ ದೋಷವಿರದು, ಅಗ್ಗದವುಗಳಲ್ಲಿ ಇರುವುದು ಸಾಮಾನ್ಯ. ಪರೀಕ್ಷೆಗೆ ಹಣ ಬೇಡ. ಮೊಬೈಲಿನ ಕ್ಯಾಮೆರಾವನ್ನು ಉರಿಯುವ ದೀಪದ ಹತ್ತಿರ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೆವಳುತ್ತಿದ್ದರೆ ಆ ದೀಪವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕೊನೆಗೆ, ಈ ಕೆಲಸವನ್ನು ಯಾರು ಮಾಡಬೇಕೆಂಬ ಪ್ರಶ್ನೆ. ಮರದಲ್ಲಿ ಕೈ ಪಳಗಿದವರಿಗೆ ತಂತಿಯೂ ಪಳಗೀತೆಂಬ ಧೈರ್ಯ ಸಹಜ. ಆದರೆ ವೈರಿಂಗನ್ನು ಪರವಾನಗಿ ಪಡೆದವರಿಂದಲೇ ಮಾಡಿಸಬೇಕೆಂಬುದು ಕಾನೂನು. ಹೊರೆ ಮಂಜೂರಾದುದಕ್ಕಿಂತ ಹೆಚ್ಚಾಗುವುದಾದರೆ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಕೊಡಬೇಕು. ಯಜಮಾನರು ಮಾಡಬಹುದಾದ ಕೆಲಸವೂ ಬೇಕಾದಷ್ಟಿದೆ. ಯಾವ ಯಂತ್ರ ಎಲ್ಲಿ, ಯಾವ ದೀಪ ಎಲ್ಲಿ ಎಂದು ನಕ್ಷೆ ಬರೆಯುವುದು, ಕಾಲುವೆ ತೋಡಿಸುವುದು, ಸುಣ್ಣ ಬಳಿಸುವುದು, ಐ.ಎಸ್.ಐ. ಮುದ್ರೆಯ ತಂತಿಯನ್ನೇ ತಂದುಕೊಡುವುದು. ಕೆಲಸ ಮುಗಿದ ಮೇಲೆ ಮೆಗ್ಗರಿನಿಂದ ತಂತಿಯ ಹೊದಿಕೆಯನ್ನೂ, ಭೂಸಂಪರ್ಕದ ವಿರೋಧವನ್ನೂ ಅಳೆದು ಬರೆದುಕೊಡುವಂತೆ ಕೇಳಿ, ಆ ಕಾಗದವನ್ನು ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿಡಬೇಕು. ಪ್ರತಿ ವರ್ಷ ಆಯುಧಪೂಜೆಗೆ ಯಂತ್ರಗಳನ್ನು ಹೇಗೂ ಒರೆಸಿ ಕುಂಕುಮ ಹಚ್ಚುತ್ತೇವೆ; ಬಳ್ಳಿಗಳ ಬಿರುಕು, ಪಿನ್ನುಗಳ ಕಂದುಬಣ್ಣ, ಸಡಿಲ ತಿರುಪುಗಳನ್ನು ನೋಡುವುದಕ್ಕೂ ಅದೇ ದಿನ ಅನುಕೂಲ. ವಿದ್ಯುತ್ತನ್ನು ಮೂಲದಲ್ಲೇ ಆರಿಸಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗೋಡೆಯಿಂದ ಕಿತ್ತ ಹಳೆಯ ಪಟ್ಟಿಗಳನ್ನು ಏನು ಮಾಡಬೇಕೆಂದು ಮೇಷ್ಟರು ಕಡೆಯ ಸಾಲಿನಲ್ಲಿ ಕೇಳಿದ್ದಾರೆ. ಅವು ಒಳ್ಳೆಯ ತೇಗ, ಗುಜರಿಗೆ ಕೊಡಬೇಡಿ. ಮೊಳೆಗಳನ್ನೆಲ್ಲ ಇಕ್ಕುಳದಿಂದ ಕಿತ್ತ ಮೇಲೆ ಉಜ್ಜುಗೊರಡು ಹಾಕಿದರೆ ಚಿತ್ರದ ಕಟ್ಟಿಗೆ ಸರಿಹೋಗುತ್ತವೆ. ಹುಡುಗನ ಮೊದಲ ಪಾಠಕ್ಕೆ ಅದಕ್ಕಿಂತ ಯೋಗ್ಯವಾದ ಮರವಿಲ್ಲ. ಅದಕ್ಕೆ ಕರೆಂಟೂ ಬೇಡ.